ರಷ್ಯಾದ ಹುಡುಗಿಗೆ ಅಕ್ಕಲಕೋಟದ ಶಾಲು

ನಗು ಬರುವಂಥದ್ದು ಎಲ್ಲರ ಮನೆಯಲ್ಲೂ ನಡೆಯುತ್ತದೆ. ಬೇರೆಯವರ ಮನೆಯಲ್ಲಿ ನಡೆದು ಮುಗಿಯುತ್ತದೆ, ನಮ್ಮ ಕಾಕಾನ ಖಾನಾವಳಿಯಲ್ಲಿ ಮಾತ್ರ ಒಂದು ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಎಣ್ಣೆ ಕಾಯುತ್ತಿರುತ್ತದೆ.

ನಾನು ಸೊಲ್ಲಾಪುರದಲ್ಲಿ ಟವೆಲ್, ಚಾದರದ ಅಂಗಡಿ ಇಟ್ಟವನು. ಗುರುವಾರ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಅಕ್ಕಲಕೋಟಕ್ಕೆ ಹೋಗುತ್ತೇನೆ. ಅಲ್ಲಿನ ಮಠದ ಸ್ವಾಮಿಗಳ ದರ್ಶನಕ್ಕೆ ಎಂದು ಹೇಳಿ ಹೊರಡುತ್ತೇನೆ, ದರ್ಶನವನ್ನೂ ಮಾಡುತ್ತೇನೆ, ಆದರೆ ಕಾಲು ಎಳೆಯುವುದು ಬಸ್ ಸ್ಟ್ಯಾಂಡಿನ ಎದುರಿಗಿರುವ ಖಾನಾವಳಿಗೆ. ಅಲ್ಲಿ ಗಲ್ಲಾದ ಮೇಲೆ ಕಾಕಾ, ಒಲೆಯ ಮುಂದೆ ಅವರ ಹೆಂಡತಿ ಕಾಕೂ. ಕಾಕೂ ಬಡಿಯುವ ಜೋಳದ ರೊಟ್ಟಿ ಎಷ್ಟು ತೆಳ್ಳಗೆ ಎಂದರೆ, ಪುಣೆಯಿಂದ ಬರುವ ಭಕ್ತರು ಅದನ್ನು ಬೆಳಕಿಗೆ ಹಿಡಿದು ನೋಡಿ ಆಮೇಲೆ ತಿನ್ನುತ್ತಾರೆ.

ಆ ರೊಟ್ಟಿಯೇ ನಮ್ಮೆಲ್ಲರ ಚಿಂತೆಯಾಗಿತ್ತು. ಹುಡುಗಿಯಾಗಿದ್ದಾಗಿನಿಂದ ಬಡಿದೂ ಬಡಿದೂ ಕಾಕೂನ ಬಲಭುಜ ಹೋಗಿತ್ತು. ರೊಟ್ಟಿ ಬಿಡು ಎಂದರೆ ಬಿಡಳು. ಅವಳ ಹಟವನ್ನು ಕಾಕಾ ಮುರಿಯಲಿಲ್ಲ, ಡಾಕ್ಟರರು ಮುರಿಯಲಿಲ್ಲ, ನಾನಂತೂ ಪ್ರಯತ್ನವನ್ನೇ ಮಾಡಲಿಲ್ಲ. ಕಡೆಗೆ ಅದನ್ನು ಮುರಿಯುವುದು ರಷ್ಯಾದ ಒಬ್ಬ ಟೆನಿಸ್ ಆಟಗಾರ್ತಿಯ ಕೈಯಲ್ಲಿ ಉಳಿಯಿತು. ಆಕೆ ಅಕ್ಕಲಕೋಟಕ್ಕೆ ಬಂದವಳಲ್ಲ, ಬರುವವಳೂ ಅಲ್ಲ.

೧. ಬ್ಯಾಳಿಯೊಳಗೆ ರಿಮೋಟ್

ಗಿರಾಕಿಗಳಿಗೆ ಬೇಸರ ಆಗಬಾರದೆಂದು ಕಾಕಾ ಗೋಡೆಗೆ ಟಿವಿ ಹಾಕಿಸಿದ್ದರು. ಪುಣೆಯವರು ಬಂದರೆ ಮರಾಠಿ ಸೀರಿಯಲ್ಲು, ಕರಜಗಿ, ನಾಗಣಸೂರ ಕಡೆಯವರು ಬಂದರೆ ಕನ್ನಡ ಸುದ್ದಿ. ಯಾವ ಟೇಬಲ್ಲು ತುಂಬಿದೆ ಎಂದು ನೋಡಿ ಚಾನೆಲ್ ಬದಲಿಸುವುದೇ ಅವರಿಗೊಂದು ದೊಡ್ಡ ಕೆಲಸ. ಒಂದು ದಿನ ಮಧ್ಯಾಹ್ನದ ಗಡಿಬಿಡಿಯಲ್ಲಿ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ರಿಮೋಟ್ ಹಿಡಿದು ಬ್ಯಾಳಿ ಸಾರು ಬಡಿಸಲು ಹೋದರು. ಪಾತೇಲಿಗೆ ಸೌಟು ಹೋಗಬೇಕಾಗಿತ್ತು, ರಿಮೋಟ್ ಹೋಯಿತು.

ಕಾಕೂ ಅದನ್ನು ತೂತಿನ ಝಾರಿಯಿಂದ ಎತ್ತಿ, ತೊಳೆದು, ಮೆಣಸಿನಕಾಯಿಯ ಪಕ್ಕದಲ್ಲಿ ಬಿಸಿಲಿಗೆ ಹಾಕಿದಳು. ರಿಮೋಟ್ ಒಣಗಿತು, ಬದುಕಲಿಲ್ಲ. ಆ ದಿನ ಉಂಡ ಪುಣೆಯ ಕುಟುಂಬವೊಂದು, ಬ್ಯಾಳಿಯಲ್ಲಿ ಏನೋ ಬೇರೆ ರುಚಿ ಇದೆ, ಏನು ಹಾಕುತ್ತೀರಿ ಎಂದು ಕೇಳಿತು. ಕಾಕಾ ಅದು ಮನೆತನದ ಗುಟ್ಟು ಎಂದರು.

ಟಿವಿ ಮಾತ್ರ ಎಲ್ಲಿತ್ತೋ ಅಲ್ಲೇ ನಿಂತುಬಿಟ್ಟಿತು. ಅದು ಆಟದ ಚಾನೆಲ್. ಕ್ರಿಕೆಟ್ ಇದ್ದ ದಿನ ಕ್ರಿಕೆಟ್, ಇಲ್ಲದ ದಿನ ಟೆನಿಸ್. ಹೊಸ ರಿಮೋಟ್ ತರೋಣ ಎಂದು ಕಾಕಾ ಅನ್ನುತ್ತಲೇ ಇದ್ದರು, ಅನ್ನುತ್ತಲೇ ವರ್ಷಗಳು ಹೋದವು. ಒಲೆಯ ಮುಂದೆ ಕೂತ ಕಾಕೂಗೆ ಅಡುಗೆಮನೆಯ ಕಿಂಡಿಯಿಂದ ಟಿವಿ ನೇರವಾಗಿ ಕಾಣುತ್ತದೆ. ಹಾಗೆ ರೊಟ್ಟಿ ಬಡಿಯುತ್ತ ಬಡಿಯುತ್ತ ಅವಳು ಆ ರಷ್ಯಾದ ಹುಡುಗಿಯನ್ನು ನೋಡಿದಳು. ಉದ್ದ ಜಡೆ, ಸಣ್ಣ ಮುಖ, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಹೆಸರು ನಮ್ಮಲ್ಲಿ ಯಾರ ನಾಲಿಗೆಗೂ ಸರಿಯಾಗಿ ಹೊರಳಲಿಲ್ಲ, ಆದ್ದರಿಂದ ಎಲ್ಲರಿಗೂ ಅವಳು ರಷ್ಯಾದ ಹುಡುಗಿಯೇ.

ಆ ಹುಡುಗಿ ಚೆಂಡು ಮೇಲಕ್ಕೆ ಹಾರಿಸಿ ಹೊಡೆದಳು, ಅದು ಗೆರೆಯ ಆಚೆ ಬಿತ್ತು. ಆಟ ಮುಗಿಯಿತೆಂದು ಕಾಕೂ ಅಂದುಕೊಳ್ಳುವಷ್ಟರಲ್ಲಿ ಅವಳು ಇನ್ನೊಂದು ಚೆಂಡು ತೆಗೆದಳು. ಊಟಕ್ಕೆ ಕೂತಿದ್ದ ಕರಜಗಿ ಬಸ್ಸಿನ ಕಂಡಕ್ಟರ್, ಮೊದಲನೆಯದು ತಪ್ಪಿದರೆ ಇನ್ನೊಂದು ಅವಕಾಶ ಕೊಡುತ್ತಾರೆ, ಅದೇ ಅಲ್ಲಿನ ನಿಯಮ ಎಂದು ತಿಳಿಸಿ ಹೇಳಿದ. ಕಾಕೂಗೆ ತನ್ನ ಮೊದಲ ರೊಟ್ಟಿ ನೆನಪಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಮೊದಲ ರೊಟ್ಟಿ ಹಂಚಿಗೆ ಹಾಕುವಾಗ ಹರಿದಿತ್ತಂತೆ, ಅತ್ತೆ ಎಲ್ಲರೆದುರಿಗೆ ಹಿಟ್ಟಿನ ಪರಾತವನ್ನೇ ಕಸಿದುಕೊಂಡಿದ್ದಳಂತೆ.

“ಚಲೋ ಮಂದಿ ಅದಾರ,” ಅಂದಳು. “ನನಗ ಯಾರೂ ಇನ್ನೊಂದು ಚೆಂಡು ಕೊಡಲಿಲ್ಲ.”

ಅಂದಿನಿಂದ ಅವಳು ಆ ಹುಡುಗಿಯ ಪಕ್ಷ. ಔಟ್ ಎಂಬ ಒಂದು ಮಾತನ್ನು ಕಲಿತು, ಚೆಂಡು ಗೆರೆ ದಾಟಿದಾಗಲೆಲ್ಲ ಟಿವಿಯವನಿಗಿಂತ ಮೊದಲೇ ಒಲೆಯ ಮುಂದಿನಿಂದ ಕೂಗುತ್ತಿದ್ದಳು. ಕಾಕಾನಿಗೆ ಮಾತ್ರ ಈ ಆಟದ ಮೇಲೆ ನಂಬಿಕೆ ಹುಟ್ಟಲಿಲ್ಲ. ಗಲ್ಲಾದ ಮೇಲೆ ಕೂದಲು ನೆರೆದವರು ಅವರು. ಹದಿನೈದು ಆಯಿತು, ಮೂವತ್ತು ಆಯಿತು, ಆಮೇಲೆ ನಲವತ್ತು ಎಂದು ತೋರಿಸಿದ ಕೂಡಲೆ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ನಲವತ್ತೈದು ಬರಬೇಕಲ್ಲ,” ಅಂದರು. “ನಡುವಿನ ಐದು ಯಾರು ನುಂಗಿದ್ರು?”

೨. ಆಹೇರದ ಟವೆಲ್

ರಷ್ಯಾದ ಹುಡುಗಿಗೆ ಒಂದು ಚಟವಿತ್ತು. ಒಂದೊಂದು ಚೆಂಡಿಗೂ ಟವೆಲ್ ಇಸಿದುಕೊಂಡು ಮುಖ ಒರೆಸಿ, ಹಿಂದೆ ತಿರುಗಿಯೂ ನೋಡದೆ ಅದನ್ನು ಎಸೆಯುತ್ತಿದ್ದಳು. ಇದೊಂದು ಕಾಕೂಗೆ ಸೇರುತ್ತಿರಲಿಲ್ಲ. ನಮ್ಮ ಕಡೆ ಟವೆಲ್ ಎಂದರೆ ಮರ್ಯಾದೆ. ಲಗ್ನದಲ್ಲಿ ಬೀಗರಿಗೆ ಟವೆಲ್ಲು, ಟೊಪ್ಪಿಗೆ ಉಡುಗೊರೆ ಕೊಟ್ಟು ಆಹೇರ ಮಾಡುವಾಗ ಒಬ್ಬರ ಹೆಸರು ಬಿಟ್ಟುಹೋದರೆ, ಆ ಮುನಿಸು ಅವರ ಮೊಮ್ಮಕ್ಕಳ ಲಗ್ನದವರೆಗೆ ನಡೆಯುತ್ತದೆ.

ನಾನು ಟವೆಲ್ ವ್ಯಾಪಾರಿ ಆಗಿದ್ದರಿಂದ ದೂರು ನನಗೇ ಬಂತು. ಟವೆಲ್ ಯಾರದೇ ಇರಲಿ ಹಾಗೆ ಎಸೆಯಬಾರದು, ಆ ಹುಡುಗಿಗೆ ತಿಳಿಸಿ ಹೇಳುವವರು ಯಾರೂ ಇಲ್ಲವೇ ಎಂದು ಕಾಕೂ ನನ್ನನ್ನು ಕೇಳಿದಳು. ಕಾಕಾ ಗಲ್ಲಾದಿಂದಲೇ, ಅದು ಸೊಲ್ಲಾಪುರದ ಟವೆಲ್ ಆಗಿದ್ದರೆ ಎಸೆಯುತ್ತಿರಲಿಲ್ಲ ಎಂದು ಹೇಳಿ ನನ್ನ ಮಾನ ಉಳಿಸಿದರು.

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ಮರವಡೆ ಊರಿನ ಒಬ್ಬ ಹಿರಿಯರು ಮಗಳ ಲಗ್ನದ ಆಹೇರಕ್ಕೆ ಟವೆಲ್ ಆರಿಸಲು ಅಂಗಡಿಗೆ ಬಂದರು. ನಾನು ಕಪಾಟಿನಿಂದ ಒಳ್ಳೆಯ ಮಾಲು ತೆಗೆದು ಹರವಿ, ಟಿವಿಯಲ್ಲಿ ಬರುವ ರಷ್ಯಾದ ಹೆಸರಾಂತ ಟೆನಿಸ್ ಆಟಗಾರ್ತಿ ಮುಖ ಒರೆಸಿಕೊಳ್ಳುವುದು ಇಂಥ ಟವೆಲ್ಲಿನಿಂದಲೇ ಎಂದು ಬಿಟ್ಟೆ. ಹಿರಿಯರು ಟವೆಲ್ಲನ್ನು ಮುಟ್ಟಿ ನೋಡಿದರು, ತಿರುವಿ ನೋಡಿದರು, ಮೂಗಿನ ಹತ್ತಿರ ಹಿಡಿದು ವಾಸನೆಯನ್ನೂ ನೋಡಿದರು. ಆಮೇಲೆ ಮೆಲ್ಲಗೆ ನನ್ನ ಕಡೆ ಸರಿಸಿದರು.

“ಅಕಿ ಒರೆಸಿಕೊಂಡದ್ದು ಬೀಗರಿಗೆ ಹ್ಯಾಂಗ ಕೊಡೂದ್ರಿ? ಹೊಸಾದು ತೆಗೀರಿ.”

೩. ನಿಂತ ಬಸ್ಸು

ನೋಡನೋಡುತ್ತ ರಷ್ಯಾದ ಹುಡುಗಿ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಹೆಸರುವಾಸಿಯಾದಳು. ಆಟೋದವರು, ಹೂವಿನವರು, ಡ್ರೈವರ್ ಕಂಡಕ್ಟರುಗಳು, ಎಲ್ಲರೂ ಊಟಕ್ಕೆ ಬಂದವರು ಅವಳ ಸುದ್ದಿ ಕೇಳಿ ಕೂರುತ್ತಿದ್ದರು. ಮೊದಮೊದಲು ದೊಡ್ಡವರ ಎದುರಿಗೆ ಸೋಲುತ್ತಿದ್ದವಳು ಬರುಬರುತ್ತ ದೊಡ್ಡವರನ್ನೇ ಸೋಲಿಸತೊಡಗಿದಳು. ಸೋತರೂ ಮುಖ ಗಂಟು ಹಾಕಿಕೊಳ್ಳುವವಳಲ್ಲ. ಗೆದ್ದವಳ ಬೆನ್ನು ತಟ್ಟಿ, ಜನರಿಗೆ ಕೈ ಬೀಸಿ ಹೋಗುತ್ತಿದ್ದಳು. ಆ ಗುಣಕ್ಕೇ ನಮ್ಮವರು ಸೋತದ್ದು. ಗೆಲ್ಲುವವರನ್ನು ಎಲ್ಲರೂ ಮೆಚ್ಚುತ್ತಾರೆ, ಸೋತ ಮೇಲೂ ಮೆಚ್ಚುವಂತೆ ಇರುವವರು ಕಡಿಮೆ.

ಒಂದು ಸಲ ಅವಳು ಫೈನಲ್ಲಿನ ಹಿಂದಿನ ಆಟದವರೆಗೆ ಹೋದಳು. ಅವತ್ತು ಕರಜಗಿ ಬಸ್ಸಿನ ಕಂಡಕ್ಟರ್ ಒಂದು ಕಪ್ ಚಹಾ ಕುಡಿದು ಬರುತ್ತೇನೆಂದು ಒಳಗೆ ಬಂದವನು ಟಿವಿ ನೋಡಿ ಕೂತುಬಿಟ್ಟ. ಅವನನ್ನು ಕರೆಯಲು ಬಂದ ಡ್ರೈವರ್ ಅವನ ಪಕ್ಕದಲ್ಲಿ ಕೂತ. ಡ್ರೈವರನನ್ನು ಕರೆಯಲು ಒಬ್ಬ ಪ್ರಯಾಣಿಕ ಬಂದ, ಅವನನ್ನು ಹುಡುಕಿಕೊಂಡು ಅವನ ಹೆಂಡತಿ ಬಂದಳು. ಹೀಗೆ ಬಸ್ಸು ಖಾಲಿಯಾಗಿ ಖಾನಾವಳಿ ತುಂಬಿತು. ಯಾರೂ ಏನೂ ತಿನ್ನಲಿಲ್ಲ, ಕಾಕಾ ಹಲ್ಲು ಕಡಿಯುತ್ತ ಎಲ್ಲರಿಗೂ ನೀರು ಕೊಟ್ಟರು.

ಕಡೆಗೆ ಬಸ್ಸಿನಲ್ಲಿ ಉಳಿದದ್ದು ಒಬ್ಬ ಮುದುಕಿ. ಆಕೆಯೂ ಕೋಲು ಊರಿಕೊಂಡು ಬಂದಳು, ಬಾಗಿಲಲ್ಲೇ ನಿಂತು ಕಂಡಕ್ಟರನ ವಂಶವನ್ನು ನೆನೆಯಲು ಬಾಯಿ ತೆರೆದಳು. ಕಾಕೂ ಒಳಗಿನಿಂದ, ಆಯೀ ಸ್ವಲ್ಪ ತಡಿ, ಈ ಹುಡುಗಿ ಒಂದು ಸುತ್ತು ಸೋತಿದ್ದಾಳೆ, ಇದನ್ನೂ ಸೋತರೆ ಗಂಟು ಕಟ್ಟಿ ಮನೆಗೆ ಹೋಗಬೇಕು ಎಂದಳು. ಮುದುಕಿ ಟಿವಿ ನೋಡಿದಳು, ಹುಡುಗಿಯನ್ನು ನೋಡಿದಳು, ಕೋಲನ್ನು ಗೋಡೆಗೆ ಆನಿಸಿ ಕೂತಳು. ತಾನೂ ಮನೆಗೆ ಹೋಗುವವಳು, ಅವಳೂ ಮನೆಗೆ ಹೋಗುವವಳು, ಮೊದಲು ಅವಳದೇ ತೀರ್ಮಾನ ಆಗಲಿ ಎಂದಳು.

ಹುಡುಗಿ ಸೋತಳು. ಎಲ್ಲರೂ ಎದ್ದು, ಮಣ್ಣಿಗೆ ಹೋಗಿ ಬಂದವರ ಹಾಗೆ ಬಸ್ಸು ಹತ್ತಿದರು. ಕಂಡಕ್ಟರ್ ಬಾಗಿಲಲ್ಲಿ ನಿಂತ, ಗಂಟೆ ಹೊಡೆಯುವ ಎಚ್ಚರ ಅವನಿಗಿರಲಿಲ್ಲ. ಮುದುಕಿ ಕೋಲಿನಿಂದ ಅವನ ಕಾಲು ತಿವಿದಳು.

“ಅಕಿ ಮನಿಗೆ ಹೋದ್ಲಪ್ಪಾ. ಈಗ ನಮ್ಮನ್ನೂ ಮುಟ್ಟಸು.”

೪. ಎಡಗೈಯ ವ್ಯಾಯಾಮ

ಕಾಕೂ ಬಲಗೈಯಿಂದ ಕುಂಕುಮ ಹಚ್ಚಿಕೊಳ್ಳುವುದನ್ನು ಬಿಟ್ಟಿದ್ದಳು. ಕೈ ಅಷ್ಟು ಮೇಲಕ್ಕೆ ಏಳುತ್ತಿರಲಿಲ್ಲ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಕುಂಕುಮ ದಿನಾ ಸ್ವಲ್ಪ ಸ್ವಲ್ಪ ಎಡಕ್ಕೆ ಸರಿಯುತ್ತಿರುವುದನ್ನು ಕಾಕಾ ಗಲ್ಲಾದಿಂದ ಗಮನಿಸಿ ನನಗೆ ಫೋನ್ ಮಾಡಿದರು. ಅವಳನ್ನು ಸೊಲ್ಲಾಪುರದ ಎಲುಬಿನ ಡಾಕ್ಟರರಿಗೆ ತೋರಿಸಿದೆವು.

ಡಾಕ್ಟರರು ಸಮಾಧಾನದ ಮನುಷ್ಯ. ಕೈಯನ್ನು ಎತ್ತಿ, ಇಳಿಸಿ, ತಿರುಗಿಸಿ ನೋಡಿ, ಇನ್ನು ರೊಟ್ಟಿ ಬಡಿಯುವುದು ಪೂರ್ತಿ ಬಂದ್, ಇಲ್ಲದಿದ್ದರೆ ಈ ಕೈ ಒಂದು ದಿನ ಏಳುವುದೇ ಇಲ್ಲ ಎಂದು ನೇರವಾಗಿ ಹೇಳಿದರು. ಕಾಕೂ ಸೆರಗು ಸರಿಪಡಿಸಿಕೊಂಡು, ಡಾಕ್ಟರರು ಟೆನಿಸ್ ನೋಡುತ್ತಾರೆಯೇ ಎಂದು ವಿಚಾರಿಸಿದಳು. ನೋಡುತ್ತಾರಂತೆ. ಆ ರಷ್ಯಾದ ಹುಡುಗಿ ಈಚೆಗೆ ಇದೇ ಜಾಗ ಹಿಡಿದುಕೊಳ್ಳುತ್ತಾಳಲ್ಲ, ಅವಳದೂ ಇದೇ ಬೇನೆಯೇ ಎಂದು ಕೇಳಿದಳು. ಡಾಕ್ಟರರು ಖುಷಿಯಾಗಿ, ಹೌದು ಬಾಯಿಯವರೇ, ಬರೋಬರ್ ಇದೇ ಎಂದರು.

“ಅಕಿ ಆಡೂದು ಬಿಟ್ಟಾಳೇನ್ರಿ?”

“ಇಲ್ಲ, ಇನ್ನೂ ಆಡಾಕತ್ತಾಳ.”

“ಹಂಗಾದ್ರ ಅಕಿ ಬಿಡೂತನಕ ನಾನೂ ಬಿಡೂದಿಲ್ಲ.”

ಡಾಕ್ಟರರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು, ನಾನು ಫ್ಯಾನ್ ನೋಡಿದೆ.

ರೊಟ್ಟಿ ಬಡಿಯಲು ಕಾಕಾ ಬೇರೆ ಹೆಂಗಸರನ್ನು ತಂದು ನೋಡಿದರು. ಒಬ್ಬಳ ರೊಟ್ಟಿ ದಪ್ಪ ಎಂದು ಕಾಕೂ ಕಳಿಸಿದಳು. ಇನ್ನೊಬ್ಬಳು ಫೋನನ್ನು ಭುಜ ಕಿವಿಯ ನಡುವೆ ಸಿಕ್ಕಿಸಿಕೊಂಡು ಬಡಿಯುತ್ತಾಳೆ, ರೊಟ್ಟಿಯ ಮೇಲೆ ಲಕ್ಷ್ಯ ಇಲ್ಲ ಎಂದು ಅವಳನ್ನೂ ಕಳಿಸಿದಳು. ಬೇರೆ ದಾರಿ ಕಾಣದೆ ಕಾಕಾ, ಇಡೀ ಊರು ಗೆಲ್ಲಲಿ ಎಂದು ಹರಸುತ್ತಿದ್ದ ಆ ಹುಡುಗಿ ಬೇಗ ಆಟ ಬಿಡಲಿ ಎಂದು ಮಠದಲ್ಲಿ ಕಣ್ಣು ಮುಚ್ಚಿ ಬೇಡತೊಡಗಿದರು. ಬಿಟ್ಟರೆ ಪೇಢೆ ಹಂಚುತ್ತೇನೆಂದು ಹರಕೆಯನ್ನೂ ಹೊತ್ತರು. ಆ ಮಾತು ನಮ್ಮಿಬ್ಬರಲ್ಲೇ ಇತ್ತು.

ಡಾಕ್ಟರರು ಹೇಳಿದ ವ್ಯಾಯಾಮವನ್ನಾದರೂ ಮಾಡುತ್ತಾಳಲ್ಲ ಎಂಬ ಸಮಾಧಾನ ನಮಗಿತ್ತು. ನೀರು ತುಂಬಿದ ಬಾಟಲಿ ಹಿಡಿದು ಕೈಯನ್ನು ಮೆಲ್ಲಗೆ ಎತ್ತಬೇಕು, ಮೆಲ್ಲಗೆ ಇಳಿಸಬೇಕು. ದಿನವೂ ತಪ್ಪದೆ ಮಾಡುತ್ತೇನೆಂದು ಅವಳು ಹೇಳುತ್ತಿದ್ದಳು. ಒಂದು ಗುರುವಾರ ನಾನು ಅಡುಗೆಮನೆಗೆ ಹೋದಾಗ ಬಾಟಲಿ ಎಡಗೈಯಲ್ಲಿತ್ತು, ಅದು ಲೀಲಾಜಾಲವಾಗಿ ಮೇಲೆ ಕೆಳಗೆ ಹೋಗುತ್ತಿತ್ತು. ನೋಯುವುದು ಬಲಗೈ ಅಲ್ಲವೇ ಎಂದೆ.

“ಅದು ಖಾಲಿ ಎಲ್ಲಿ ಅದ ತಮ್ಮಾ,” ಅಂದಳು. “ಅದು ರೊಟ್ಟಿ ಬಡ್ಯಾಕತ್ತದ.”

೫. ಪೇಢೆಯ ಪೊಟ್ಟಣ

ಕಾಕಾನ ಬೇಡಿಕೆ ಮೇಲಕ್ಕೆ ಮುಟ್ಟಿತು. ಒಂದು ಮಧ್ಯಾಹ್ನ ರಷ್ಯಾದ ಹುಡುಗಿ ಆಟ ಮುಗಿಸಿ, ಮೈಕಿನ ಮುಂದೆ ನಿಂತು, ಏನೋ ಹೇಳಿ ಅತ್ತಳು. ಕಂಡಕ್ಟರ್ ಟಿವಿಯ ಕೆಳಗಿನ ಅಕ್ಷರ ಓದಿ, ಭುಜದ ನೋವಿನಿಂದ ನಿವೃತ್ತಿ ತೆಗೆದುಕೊಂಡಳಂತೆ ಎಂದ. ಅಲ್ಲಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ಒಮ್ಮೆ ಸುತ್ತಲೂ ನೋಡಿ, ಕೈ ಬೀಸಿ, ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿ ಹೋದಳು. ಖಾನಾವಳಿಯಲ್ಲಿ ಯಾರೂ ಊಟಕ್ಕೆ ಕೈ ಹಾಕಲಿಲ್ಲ. ಕಾಕೂ ಕಿಂಡಿಯ ಆಚೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಕಾಣದ ದೇಶದ ಹುಡುಗಿ, ಆದರೂ ಇಷ್ಟು ವರ್ಷ ನಮ್ಮ ಜೊತೆ ಊಟದ ಹೊತ್ತಿಗೆ ಇದ್ದವಳು.

ಅಷ್ಟರಲ್ಲಿ ಕಾಕಾ ಎಲ್ಲಿಗೋ ಹೋಗಿ ಬಂದರು. ಕೈಯಲ್ಲಿ ಪೇಢೆಯ ಪೊಟ್ಟಣ. ಹರಕೆಯನ್ನು ತಡಮಾಡಬಾರದೆಂಬ ಅವಸರದಲ್ಲಿ ಹೆಂಡತಿ ಅಳುತ್ತಿರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಪೊಟ್ಟಣವನ್ನು ಬೆನ್ನ ಹಿಂದೆ ಬಚ್ಚಿಡಲು ನೋಡಿದರು, ಕಾಕೂನ ಕಣ್ಣು ಅದಕ್ಕಿಂತ ಮೊದಲು ಅಲ್ಲಿತ್ತು. ಪೇಢೆ ಯಾತಕ್ಕೆ ಎಂದು ಕೇಳಿದಳು.

ಕಾಕಾ ಬೆವತರು. ನಿವೃತ್ತಿ ಅಂದ ಮೇಲೆ ಬಾಯಿ ಸಿಹಿ ಮಾಡಬೇಕಲ್ಲ, ಅದಕ್ಕೇ, ಎಂದು ಒದರಿಬಿಟ್ಟರು.

ಕಾಕೂನ ಮುಖವೇ ಬೇರೆಯಾಯಿತು. ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಖರೆ ಮಾತು, ಸಿಹಿ ಹಂಚಬೇಕು, ಶಾಲು ಹೊದಿಸಬೇಕು, ಕಾಯಿ ಕೊಡಬೇಕು, ನಾಲ್ಕು ಮಂದಿ ಭಾಷಣ ಮಾಡಬೇಕು ಎಂದಳು. ಬಸ್ ಡಿಪೋದ ಕಾವಲುಗಾರ ನಿವೃತ್ತನಾದಾಗಲೂ ಬ್ಯಾಂಡು ಹಚ್ಚಿ ಮನೆತನಕ ಮುಟ್ಟಿಸಿ ಬಂದ ಊರು ಇದು. “ಅಲ್ಲಿ ನೋಡ್ರಿ, ಒಂದು ಹಾರ ಇಲ್ಲ, ಕಾಯಿ ಇಲ್ಲ. ನೋಯೋ ಭುಜಕ್ಕ ಚೀಲಾ ಹಾಕ್ಕೊಂಡು ಹೋದ್ಲು. ಸತ್ಕಾರ ಆಗಲಾರದ ನಿವೃತ್ತಿ ನಿವೃತ್ತಿ ಹ್ಯಾಂಗ ಆಗ್ತದ?”

ಹೀಗೆಂದು ಒಳಗೆ ಹೋಗಿ ಪರಾತ ಎಳೆದುಕೊಂಡು ಹಿಟ್ಟು ನಾದತೊಡಗಿದಳು. ಹುಡುಗಿ ಬಿಡುವತನಕ ಬಿಡುವುದಿಲ್ಲ ಎಂಬುದು ಅವಳ ಮಾತು. ಸತ್ಕಾರ ಆಗಿಲ್ಲ ಎಂದರೆ ಹುಡುಗಿ ಬಿಟ್ಟಿಲ್ಲ. ಕಾಕಾ ಪೇಢೆಯ ಪೊಟ್ಟಣವನ್ನು ಗಲ್ಲಾದ ಮೇಲಿಟ್ಟು, ಒಂದನ್ನು ತಾವೇ ಬಾಯಿಗೆ ಹಾಕಿಕೊಂಡು ಕೂತರು.

“ತಮ್ಮಾ,” ಅಂದರು ನನಗೆ, “ಮಂಡಪದವನಿಗೆ ಫೋನ್ ಹಚ್ಚು.”

೬. ಸತ್ಕಾರ

ನಮ್ಮಲ್ಲಿ ಯಾವ ಸಮಾರಂಭವೂ ಫ್ಲೆಕ್ಸ್ ಇಲ್ಲದೆ ಆಗುವುದಿಲ್ಲ. ಫ್ಲೆಕ್ಸಿನ ಕೆಳಗೆ ಶುಭ ಕೋರುವವರ ಫೋಟೊ ಇರಬೇಕು, ಅವರು ಫ್ಲೆಕ್ಸಿನ ಜೀವ. ಆಟೋದವರು, ಹೂವಿನವರು, ಕಂಡಕ್ಟರ್, ಡ್ರೈವರ್, ಎಲ್ಲರೂ ತಮ್ಮ ತಮ್ಮ ಫೋಟೊ ಕೊಟ್ಟರು. ನಾನೂ ಕಪ್ಪು ಕನ್ನಡಕದ ಒಂದನ್ನು ಕೊಟ್ಟೆ. ನಡುವೆ ಕಾಕಾ ಫೇಟಾ ಸುತ್ತಿಕೊಂಡು ಎಲ್ಲರಿಗಿಂತ ದೊಡ್ಡದಾಗಿ ನಿಂತಿದ್ದರು. ಇಷ್ಟೆಲ್ಲ ಆದ ಮೇಲೆ ಮೂಲೆಯಲ್ಲಿ ಉಳಿದ ಜಾಗಕ್ಕೆ ರಷ್ಯಾದ ಹುಡುಗಿಯನ್ನು ಕೂರಿಸಿದ್ದರು. ರಸ್ತೆಯಲ್ಲಿ ಹೋಗುವವರು ನಿವೃತ್ತಿಯ ಫ್ಲೆಕ್ಸ್ ನೋಡಿ ಒಳಗೆ ಇಣುಕಿ, ಇಷ್ಟು ಲಗೂ ಯಾಕೆ ಧಂದೆ ಬಿಟ್ಟಿರಿ ಎಂದು ಕಾಕಾನಿಗೆ ಸಂತಾಪ ಹೇಳಿ ಹೋದರು.

ಮುಖ್ಯ ಅತಿಥಿ ನಿವೃತ್ತ ಹೆಡ್‌ಮಾಸ್ತರರು. ತಾಲೂಕಿನಲ್ಲಿ ಯಾರೇ ನಿವೃತ್ತರಾದರೂ ಭಾಷಣಕ್ಕೆ ಅವರೇ ಬರಬೇಕು, ಭಾಷಣವೂ ಅದೇ ಬರಬೇಕು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಶುರು ಮಾಡಿದರು. ಸತ್ಕಾರಮೂರ್ತಿಗಳು ಕೆಲಸಕ್ಕೆ ಎಂದೂ ತಡವಾಗಿ ಬರಲಿಲ್ಲ, ಮೇಲಿನವರಿಗೆ ಎದುರು ಮಾತಾಡಲಿಲ್ಲ ಎಂದರು. ವರ್ಗಾವಣೆಗೆ ಅವರು ಹೆದರಿದವರೇ ಅಲ್ಲ, ಈ ವಾರ ಒಂದು ದೇಶ, ಮುಂದಿನ ವಾರ ಇನ್ನೊಂದು ದೇಶ, ಇಷ್ಟು ವರ್ಗಾವಣೆಯನ್ನು ಯಾವ ಮಾಸ್ತರನಾದರೂ ತಡೆದುಕೊಂಡಾನೆಯೇ ಎಂದು ಕೇಳಿದರು. ಸಭೆ ತಲೆ ಆಡಿಸಿತು. ಉಳಿದ ಆಯುಷ್ಯವನ್ನು ಅವರು ಮೊಮ್ಮಕ್ಕಳ ಜೊತೆ ಕಳೆಯಲಿ ಎಂದು ಮುಗಿಸುವಷ್ಟರಲ್ಲಿ, ಆ ಹುಡುಗಿಗೆ ಇನ್ನೂ ಲಗ್ನವೇ ಆಗಿಲ್ಲ ಎಂದು ಕಂಡಕ್ಟರ್ ಕಿವಿಯಲ್ಲಿ ಊದಿದ. ಮಾಸ್ತರರು ಒಂದು ಕ್ಷಣವೂ ತಡವರಿಸದೆ, ಅದಕ್ಕೇ ಮೊದಲು ಲಗ್ನ ಮಾಡಿಕೊಳ್ಳಲಿ ಎಂದು ಕೂತರು.

ಈಗ ಶಾಲು ಯಾರಿಗೆ ಹೊದಿಸುವುದು ಎಂಬ ಪ್ರಶ್ನೆ ಬಂತು. ಸತ್ಕಾರಮೂರ್ತಿಗಳಿಗೆ ಬರಲು ಆಗದಿದ್ದರೆ ಅವರ ಮನೆಯವರು ಬಂದು ಇಸಿದುಕೊಳ್ಳುವುದು ನಮ್ಮ ಪದ್ಧತಿ. ಹುಡುಗಿಯ ಮನೆಯವರು ಯಾರಿದ್ದಾರೆ ಎಂದು ಮಾಸ್ತರರು ಸಭೆಯತ್ತ ನೋಡಿದರು. ಎಲ್ಲರ ತಲೆ ಅಡುಗೆಮನೆಯ ಕಡೆ ತಿರುಗಿತು.

ಕಾಕೂ ಊಟದ ರೊಟ್ಟಿ ಬಡಿಯುತ್ತಿದ್ದಳು. ಕರೆದರೆಂದು ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ ಬಂದಳು. ಮಾಸ್ತರರು ಶಾಲು ಹೊದಿಸಿದರು, ಕಾಯಿ ಕೊಡಲು ಬಂದರು. ಇಸಿದುಕೊಳ್ಳಲು ಎರಡೂ ಕೈ ಚಾಚಿದಳು, ಬಲಗೈ ಅರ್ಧಕ್ಕೆ ನಿಂತಿತು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಕಾಯಿ ತೆಗೆದುಕೊಂಡಳು. ಇಡೀ ಸಭೆ ಅದನ್ನು ನೋಡಿತು. ಕಾಕಾ ಮೈಕಿನ ವೈರು ನೋಡುತ್ತ ನಿಂತರು. ಇಷ್ಟು ವರ್ಷ ಊರಿಗೆಲ್ಲ ಉಣಿಸಿದವಳ ಹೆಗಲಿಗೆ ಯಾರೂ ಒಂದು ಶಾಲು ಹಾಕಿರಲಿಲ್ಲ.

ಎರಡು ಮಾತು ಆಡಿರಿ ಎಂದು ಮಾಸ್ತರರು ಮೈಕು ಮುಂದೆ ಮಾಡಿದರು. ಕಾಕೂ ಶಾಲಿನ ಅಂಚನ್ನು ಬೆರಳಿನಿಂದ ಸವರಿ ನೋಡಿದಳು.

“ನನಗ ಮಾತಾಡಾಕ ಬರೂದಿಲ್ಲ,” ಅಂದಳು. “ಈ ಹುಡುಗಿ ಭುಜಾ ನೋಯ್ತದ ಅಂದ್ಲು, ಬಿಟ್ಲು. ಯಾರೂ ಬೈಲಿಲ್ಲ, ಎದ್ದು ನಿಂತು ಚಪ್ಪಾಳಿ ತಟ್ಟಿದ್ರು. ನಂದೂ ಭುಜಾ ನೋಯ್ತದ. ಅಕಿ ಸತ್ಕಾರ ಆತು, ಈಗ ನಾನೂ ಬಿಟ್ಟೆ.”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕಂಡಕ್ಟರ್ ಸಿಳ್ಳೆ ಹೊಡೆದ. ಕಾಕೂ ಚಪ್ಪಾಳೆ ನಿಲ್ಲುವವರೆಗೆ ಕಾದಳು.

“ನಾಳಿಂದ ಇಲ್ಲಿ ರೊಟ್ಟಿ ಯಾರು ಬಡೀತೀರಿ? ಕೈ ಎತ್ತರಿ.”

ಅಷ್ಟು ಹೊತ್ತು ಚಪ್ಪಾಳೆ ತಟ್ಟಿದ ಕೈಗಳೆಲ್ಲ ಏಕಕಾಲಕ್ಕೆ ಕಿಸೆಯೊಳಗೆ ಹೋದವು. ನನ್ನವೂ ಹೋದವು. ಅದೇ ಹೊತ್ತಿಗೆ ಮೈಕು ಕುಂಯ್ ಎಂದು ಕಿರುಚತೊಡಗಿತು. ಕಾಕಾ ಅದರ ಧ್ಯಾನದಲ್ಲೇ ಇದ್ದವರು, ಆವಾಜು ಕಡಿಮೆ ಮಾಡು ಎಂದು ಮಂಡಪದವನಿಗೆ ಸನ್ನೆ ಮಾಡಲು ಕೈಯನ್ನು ಉದ್ದಕ್ಕೆ ಮೇಲೆತ್ತಿದರು.

“ನೋಡ್ರಿ,” ಅಂದಳು ಕಾಕೂ, “ನಮ್ಮವರು ಎತ್ಯಾರ.”

ಮಾಸ್ತರರು ಉಳಿದಿದ್ದ ಹಾರವನ್ನು ಕಾಕಾನ ಕೊರಳಿಗೆ ಹಾಕಿಬಿಟ್ಟರು.

೭. ಇನ್ನೊಂದು ಚೆಂಡು

ಹಾರ ಬಿದ್ದ ಮನುಷ್ಯ ಮರುದಿನ ಬೆಳಗ್ಗೆ ಹಿಂದೆ ಸರಿಯುವ ಹಾಗಿರಲಿಲ್ಲ. ಕಾಕಾ ಒಲೆಯ ಮುಂದೆ ಕೂತರು. ಕಾಕೂ ಗಲ್ಲಾದ ಕುರ್ಚಿಯನ್ನು ಅಡುಗೆಮನೆಗೆ ತರಿಸಿ, ಶಾಲು ಹೊದ್ದುಕೊಂಡು, ಎದುರಿಗೇ ಎತ್ತರದಲ್ಲಿ ಕೂತಳು. ನಾನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಕಾಕಾ ಬೆವರುವ ಹೊತ್ತಿಗೆಂದು ಅಂಗಡಿಯಿಂದ ತಂದ ಹೊಸ ಟವೆಲ್ ಅದು.

ಕಾಕಾ ಹಿಟ್ಟು ನಾದಿದರು, ಉಂಡೆ ಮಾಡಿದರು, ಬಡಿದರು. ಬಡಿಯುವ ಶಬ್ದ ಮಾತ್ರ ಕಾಕೂನದರಂತೆಯೇ ಬಂತು. ಉಸಿರು ಹಿಡಿದು ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕಿದರು. ಅರ್ಧ ಹಂಚಿನ ಮೇಲೆ, ಅರ್ಧ ಒಲೆಯೊಳಗೆ.

“ಔಟ್,” ಅಂದಳು ಕಾಕೂ.

ಕಾಕಾ ಹೊಗೆಯಲ್ಲಿ ಕಣ್ಣು ಉಜ್ಜುತ್ತ, ಅಂಚು ಹಂಚಿಗೆ ತಾಗಿದೆ, ಗೆರೆಯ ಮೇಲೆ ಬಿದ್ದದ್ದು ಒಳಗಿನ ಲೆಕ್ಕಕ್ಕೇ ಬರಬೇಕು ಎಂದು ವಾದ ಮಾಡಿದರು. ಕಾಕೂ ಕೇಳಲಿಲ್ಲ. ಹೊರಗೆ ಪುಣೆಯ ಭಕ್ತರು ತಟ್ಟೆ ಹಿಡಿದು ಕೂತಿದ್ದರು. ಕಾಕಾ ತಲೆ ತಗ್ಗಿಸಿ ಪರಾತವನ್ನು ತಾವೇ ಅವಳ ಕಡೆ ಸರಿಸಲು ಹೋದರು. ಈಗ ಅವಳು ಕೈ ಹಾಕಿದರೆ ನಿನ್ನೆಯ ಶಾಲು, ಕಾಯಿ, ಭಾಷಣ ಎಲ್ಲ ನೀರಿನಲ್ಲಿ ಹೋಮ ಆಗುತ್ತಿತ್ತು. ಕಾಕೂ ಕಾಲಿನಿಂದ ಪರಾತವನ್ನು ಮೆಲ್ಲಗೆ ಅವರ ಕಡೆಗೇ ತಿರುಗಿ ಸರಿಸಿದಳು.

“ಹಾಕ್ರಿ,” ಅಂದಳು. “ನಿಮಗ ಇನ್ನೊಂದು ಚೆಂಡು ಅದ.”

ಕಾಕಾ ಅವಳ ಮುಖ ನೋಡಿದರು. ಅವಳ ಮೊದಲ ರೊಟ್ಟಿ ಹರಿದ ದಿನದ ಕಥೆ ಅವರಿಗೂ ಗೊತ್ತಿತ್ತು, ಅಂದು ಅವರು ತಾಯಿಯ ಹಿಂದೆ ಸುಮ್ಮನೆ ನಿಂತಿದ್ದವರು. ಇನ್ನೊಂದು ಉಂಡೆ ತೆಗೆದು, ಜೀವ ಒತ್ತೆ ಇಟ್ಟವರಂತೆ ಬಡಿದು, ಎದ್ದು ನಿಂತು ಹಾಕಿದರು.

ಅದು ಪೂರ್ತಿ ಒಲೆಯೊಳಗೇ ಹೋಯಿತು.

ಕಾಕಾ ನನ್ನ ಹೆಗಲ ಮೇಲಿನ ಟವೆಲ್ ಎಳೆದುಕೊಂಡರು, ಮುಖದ ಬೆವರು ಒರೆಸಿದರು, ಹಿಂದೆ ತಿರುಗಿಯೂ ನೋಡದೆ ಅದನ್ನು ನನ್ನತ್ತ ಎಸೆದು, ಮೂರನೆಯ ಉಂಡೆಗೆ ಕೈ ಹಾಕಿದರು.